ಕಾಲು ಬಾತಿದೆಯಾ ಮಾಷ್ಟ್ರೇ

ನಾನು ಮಂಜೇಶ್ವರ ತಾಲೂಕಿನವ. ಕನ್ನಡ ಮಾಧ್ಯಮದ ಒಂದು ಅನುದಾನಿತ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ಬಿಪಿ ಇದೆ ಎಂದು ಗೊತ್ತಾದದ್ದು ತಡವಾಗಿ. ಅಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು. 2017ರಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಮಂಗಳವಾರ, ಗುರುವಾರ, ಶನಿವಾರ. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆಸ್ಪತ್ರೆಯಲ್ಲಿ.

ಕೇರಳದವರು ಮಂಗಳೂರಿಗೆ ಯಾಕೆ ಹೋಗುತ್ತೀರಿ ಎಂದು ದೂರದವರು ಕೇಳುತ್ತಾರೆ. ನಮಗೆ ಅದು ಪ್ರಶ್ನೆಯೇ ಅಲ್ಲ. ಗಡಿಯ ತಲಪಾಡಿಯಿಂದ ಮಂಗಳೂರಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಮೇಲೆ ಅದು ಕೇರಳಕ್ಕೆ ಸೇರಿತು. ಕಚೇರಿ ಕೆಲಸಕ್ಕೆ ನಾವು ತೆಂಕಕ್ಕೆ ಹೋಗಲು ಕಲಿತೆವು. ಹೆರಿಗೆಗೆ, ಕಣ್ಣಿಗೆ, ಹಲ್ಲಿಗೆ, ಎದೆನೋವಿಗೆ ಬಡಗಕ್ಕೇ ಹೋಗುತ್ತಿದ್ದೆವು. ನನ್ನ ಮಕ್ಕಳಿಬ್ಬರೂ ಹುಟ್ಟಿದ್ದು ಮಂಗಳೂರಿನಲ್ಲಿ. ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಇರುವುದೂ ಕೊಡಿಯಾಲ್‌ಬೈಲಿನಲ್ಲೇ. ಸೂಜಿ ತೆಗೆದ ಮೇಲೆ ಅವರ ಮನೆಯಲ್ಲಿ ಊಟ ಮಾಡಿ, ಸ್ವಲ್ಪ ಮಲಗಿ, ಸಂಜೆಯ ಬಸ್ಸಿಗೆ ಊರಿಗೆ ಬರುವುದು ರೂಢಿಯಾಗಿತ್ತು.

2020ರ ಮಾರ್ಚ್ 21, ಶನಿವಾರ. ಎಂದಿನ ಹಾಗೆ ಹೋಗಿ ಬಂದೆ. ಮಾರನೆಯ ದಿನ ಜನತಾ ಕರ್ಫ್ಯೂ. ಅದೇ ಹೊತ್ತಿಗೆ ಕರ್ನಾಟಕದ ಕಡೆಯವರು ಗಡಿ ಮುಚ್ಚಿದರು. ಕಾಸರಗೋಡಿನಲ್ಲಿ ಕೊರೋನಾ ಹೆಚ್ಚುತ್ತಿತ್ತು. ಮಾರ್ಚ್ ಕೊನೆಗೆ ಇಡೀ ಕೇರಳದಲ್ಲಿ ಅತಿ ಹೆಚ್ಚು ಪ್ರಕರಣ ಇದ್ದದ್ದು ನಮ್ಮ ಜಿಲ್ಲೆಯಲ್ಲಿ. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ತಲಪಾಡಿಯ ಹೆದ್ದಾರಿಯಲ್ಲಿ ಬ್ಯಾರಿಕೇಡ್ ಇಟ್ಟರು.

ಮಂಗಳವಾರ ಬೆಳಿಗ್ಗೆ ಕಾರು ಮಾಡಿಕೊಂಡು ತಲಪಾಡಿಗೆ ಹೋದೆವು. ರೋಗಿಯನ್ನು ಬಿಡುತ್ತಾರೆ ಎಂದೇ ನಂಬಿದ್ದೆ. ಬಿಡಲಿಲ್ಲ. ಅಲ್ಲಿದ್ದ ಪೊಲೀಸಿನವನಿಗೆ ಫೈಲು ತೋರಿಸಿದೆ. ಎಡಗೈಯ ಅಂಗಿ ಮೇಲೆತ್ತಿ ಫಿಸ್ಟುಲಾ ತೋರಿಸಿದೆ. ಫಿಸ್ಟುಲಾ ಅಂದರೆ ಸೂಜಿ ಚುಚ್ಚಲಿಕ್ಕಾಗಿ ಎರಡು ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿದ ಜಾಗ. ಅಲ್ಲಿ ರಕ್ತನಾಳ ಉಬ್ಬಿರುತ್ತದೆ. ಕೈ ಇಟ್ಟರೆ ಒಳಗೆ ಗುಂಯ್ ಎನ್ನುತ್ತದೆ. ಅವ ಸಣ್ಣ ಪ್ರಾಯದ ಹುಡುಗ. ನೋಡಿ ಮುಖ ತಿರುಗಿಸಿದ. "ಸರ್, ನನ್ನ ಕೈಯಲ್ಲಿ ಎಂತದೂ ಇಲ್ಲ" ಎಂದ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಹಾಕಿದ. ನೀರಿನ ಬಾಟ್ಲಿ ಕೊಟ್ಟ. ನನಗೆ ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಡಯಾಲಿಸಿಸ್ ತಪ್ಪಿದರೆ ಅಷ್ಟೂ ಇಲ್ಲ. ಅದನ್ನು ಅವನಿಗೆ ವಿವರಿಸಲಿಲ್ಲ. ಬಾಟ್ಲಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಒಂದು ಗಂಟೆ ಕಾದು ವಾಪಸು ಬಂದೆವು. ಆ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಎಂದು ಪ್ರಧಾನಿ ಹೇಳಿದರು.

ಡಯಾಲಿಸಿಸ್ ಇಲ್ಲದಿದ್ದರೆ ಎಂತ ಆಗುತ್ತದೆ ಎಂದು ಹೇಳುತ್ತೇನೆ. ನಮಗೆ ಮೂತ್ರ ಹೋಗುವುದಿಲ್ಲ. ಕುಡಿದ ನೀರು, ತಿಂದ ಅನ್ನದೊಳಗಿನ ನೀರು ಮೈಯಲ್ಲೇ ಉಳಿಯುತ್ತದೆ. ಮೊದಲು ಪಾದ ಬಾಯುತ್ತದೆ. ಆಮೇಲೆ ಮೊಣಕಾಲಿನವರೆಗೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊದಿರುತ್ತದೆ. ಬಾಯಿಯಲ್ಲಿ ತಾಮ್ರದ ರುಚಿ. ಮೈಯೆಲ್ಲ ತುರಿಕೆ. ಆಮೇಲೆ ನೀರು ಶ್ವಾಸಕೋಶಕ್ಕೆ ಬರುತ್ತದೆ. ಮಲಗಲು ಆಗುವುದಿಲ್ಲ. ಇದು ಕಣ್ಣಿಗೆ ಕಾಣುವ ಕಷ್ಟ. ಕಾಣದ್ದು ಪೊಟ್ಯಾಶಿಯಂ. ಅದು ರಕ್ತದಲ್ಲಿ ಏರಿದರೆ ಎದೆಬಡಿತ ನಿಲ್ಲಬಹುದು. ಮೊದಲೇ ತಿಳಿಸಿ ಬರುವುದಿಲ್ಲ. ನಮ್ಮ ಹಿತ್ತಿಲಲ್ಲಿ ಬೊಂಡ ಧಾರಾಳ ಇದೆ. ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ತುಂಬ. ಆ ಮಾರ್ಚಿನ ಸೆಕೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ನಮ್ಮದೇ ತೆಂಗಿನ ಮರಗಳು. ಬಾಯಾರಿಕೆಯಲ್ಲಿ ಬುದ್ಧಿ ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಕುಚ್ಚಲಕ್ಕಿ ಗಂಜಿ ಬಿಟ್ಟೆ. ಅನ್ನವನ್ನು ಬಸಿದು, ಒಣಗಿಸಿದ ಹಾಗೆ ಮಾಡಿ, ಎರಡು ತುತ್ತು ತಿನ್ನುತ್ತಿದ್ದೆ. ತರಕಾರಿ ಬೇಯಿಸಿ ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸುವುದು. ಉಪ್ಪಿಲ್ಲ. ಬಾಯಿಗೆ ಒಂದು ಐಸಿನ ತುಂಡು. ಅದೂ ನೀರೇ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ದಿನಗಳಲ್ಲಿ ಫೋನು ಬಿಡುವಿಲ್ಲದೆ ಬರುತ್ತಿತ್ತು. ಸಹಾನುಭೂತಿಯ ಬಗ್ಗೆ ನನಗೆ ಏನಾದರೂ ತಿಳಿದಿದ್ದರೆ ಆ ಫೋನುಗಳಿಂದಲೇ ತಿಳಿದದ್ದು.

ಒಂದು ಫೋನು ಡಯಾಲಿಸಿಸ್ ಟೆಕ್ನಿಷಿಯನ್‌ನದ್ದು. ಉಡುಪಿ ಕಡೆಯ ಹುಡುಗ. ಆಸ್ಪತ್ರೆಯವರು ಹೇಳಿ ಮಾಡಿದ್ದಲ್ಲ. ತನ್ನ ಮೊಬೈಲಿನಿಂದ ಮಾಡಿದ. ಹೇಗಿದ್ದೀರಿ ಎಂದು ಕೇಳಲಿಲ್ಲ. "ಕಾಲು ಬಾತಿದೆಯಾ ಮಾಷ್ಟ್ರೇ? ಹೆಬ್ಬೆರಳಲ್ಲಿ ಒತ್ತಿ ನೋಡಿ. ಗುಂಡಿ ಬೀಳ್ತದಾ? ಎಷ್ಟು ಹೊತ್ತಿಗೆ ತುಂಬ್ತದೆ?" ನಾನು ಒತ್ತಿ, ಎಣಿಸಿ, ಹೇಳಿದೆ. "ಎಷ್ಟು ತಲೆದಿಂಬು ಇಟ್ಟು ಮಲಗ್ತೀರಿ?" ಮೂರು ಎಂದೆ. "ತೂಕ?" ಹೇಳಿದೆ. "ಕೈಯಲ್ಲಿ ಸದ್ದು ಉಂಟಲ್ಲ?" ಉಂಟು ಎಂದೆ. "ಪೊಟ್ಯಾಶಿಯಂ ಇಳಿಸುವ ಪುಡಿ ಉಂಟಾ?" ಎರಡೇ ಸ್ಯಾಶೆ ಇತ್ತು. "ಅದನ್ನು ಹೇಗಾದರೂ ತರಿಸಿ. ಊಟಕ್ಕಿಂತ ಅದು ಮುಖ್ಯ" ಎಂದ. ಡಾಕ್ಟರ್ ಹತ್ತಿರ ಕೇಳಿ ಪ್ರಮಾಣ ಹೇಳಿದ. ಎಷ್ಟು ದಿಂಬಿಗೆ ಬಂದರೆ ಎಂತ ಮಾಡಬೇಕು ಎಂದೂ ಹೇಳಿದ. ದಿನಾ ರಾತ್ರಿ ಎಂಟರ ಹೊತ್ತಿಗೆ ಅವನ ಫೋನು ಬರುತ್ತಿತ್ತು. ಎರಡು ನಿಮಿಷದ ಮಾತು. ಸಮಾಧಾನದ ಮಾತು ಒಂದೂ ಇರುತ್ತಿರಲಿಲ್ಲ. ಫೋನು ಇಟ್ಟ ಮೇಲೆ ನನಗೆ ಸಮಾಧಾನ ಆಗಿರುತ್ತಿತ್ತು.

ಬೇರೆ ಫೋನುಗಳೂ ಇದ್ದವು. ಬೆಂಗಳೂರಿನ ನೆಂಟರೊಬ್ಬರಿಗೆ ಗಡಿ ಮುಚ್ಚಿದವರ ಮೇಲೆ ತುಂಬ ಸಿಟ್ಟು. ಮಣ್ಣಿನ ರಾಶಿಗಳ ವಿಡಿಯೋ ಕಳಿಸುತ್ತಿದ್ದರು. ಕೇರಳ ಸರಕಾರ ಅರವತ್ತು ವರ್ಷದಿಂದ ಎಂತ ಮಾಡಿತು, ಒಂದು ಸರಿಯಾದ ಆಸ್ಪತ್ರೆ ಕಟ್ಟಿಸಿತಾ ಎಂದು ಇನ್ನೊಬ್ಬರಿಗೆ ಸಿಟ್ಟು. ಇಬ್ಬರ ಮಾತಿನಲ್ಲೂ ನಿಜ ಇತ್ತು. ಇಬ್ಬರೂ ನನ್ನ ಪರವಾಗಿಯೇ ಮಾತಾಡುತ್ತಿದ್ದರು. ಅವರ ಮಾತು ಮುಗಿಯುವವರೆಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಉಸಿರು ಎಳೆಯುತ್ತಾ ಹೂಂ ಹೂಂ ಎನ್ನಬೇಕಿತ್ತು. ಅವರಿಬ್ಬರಿಗೂ ನನ್ನ ಕಾಲು ಬೇಕಾಗಿರಲಿಲ್ಲ. ಇದನ್ನು ಕಹಿಯಿಂದ ಬರೆಯುತ್ತಿಲ್ಲ. ಅವರಿಗೆ ನಿಜವಾಗಿ ಬೇಸರ ಆಗಿತ್ತು. ಆ ಬೇಸರ ನನ್ನವರೆಗೆ ಬಂದು ಮುಟ್ಟಲಿಲ್ಲ, ಅಷ್ಟೆ.

ಊರಿನ ಒಬ್ಬ ಕಾರ್ಯಕರ್ತ ಮೊಬೈಲು ಹಿಡಿದುಕೊಂಡು ಮನೆಗೇ ಬಂದ. ನನ್ನದೊಂದು ವಿಡಿಯೋ ಮಾಡಿ ಹಾಕಿದರೆ ಮೇಲಿನವರಿಗೆ ಬಿಸಿ ಮುಟ್ಟುತ್ತದೆ ಎಂದ. ಒಪ್ಪಿದೆ. ಹೆಸರು, ಊರು, ರೋಗ ಹೇಳಿದೆ. ಅವನಿಗೆ ಸಾಲಲಿಲ್ಲ. "ಮಾಷ್ಟ್ರೇ, ಉಸಿರು ಕಟ್ಟುವಾಗ ತೆಗೆಯುವ, ಆಗ ಜನರಿಗೆ ಮುಟ್ಟುದು" ಎಂದ. ಹೆಂಡತಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಅವ ಹೊರಟ. ಅವನೂ ಕೆಟ್ಟವನಲ್ಲ. ಆಮೇಲೆ ಆಂಬುಲೆನ್ಸಿಗೆ ಪಾಸು ಮಾಡಿಸಲು ಓಡಾಡಿದ್ದು ಅವನೇ.

ಇನ್ನು ಭಾವನ ವಿಷಯ. ಅವರು ನಿವೃತ್ತ ಬ್ಯಾಂಕ್ ನೌಕರರು. ಮಾತು ಕಡಿಮೆ, ಅಭಿಪ್ರಾಯ ಗಟ್ಟಿ. ಗಡಿ ಮುಚ್ಚಿದ್ದು ಸರಿ ಎಂದು ನನ್ನ ಹತ್ತಿರವೇ ಹೇಳಿದರು. "ಭಾವ, ನಿಮ್ಮಲ್ಲಿ ದಿನಾ ಹೆಚ್ಚುತ್ತಾ ಉಂಟು. ಒಬ್ಬ ಬಂದು ಇಲ್ಲಿ ಹತ್ತು ಜನಕ್ಕೆ ಕೊಟ್ಟರೆ ಆ ಹತ್ತು ಜನ ಎಲ್ಲಿಗೆ ಹೋಗುದು?" ನನ್ನ ಹೆಂಡತಿ ಫೋನು ಕಿತ್ತುಕೊಂಡು, "ಅಣ್ಣ, ಇವರು ಸಾಯ್ತಾರೆ" ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಡಿಯ ಹೆಸರು ಹೇಳು" ಎಂದರು.

ಮರುದಿನ ಬೆಳಿಗ್ಗೆ ಅವರು ಸ್ಕೂಟರಿನಲ್ಲಿ ಹೊರಟರು. ಕೊಡಿಯಾಲ್‌ಬೈಲಿನ ಔಷಧಿ ಅಂಗಡಿಯಲ್ಲಿ ಪುಡಿ ಇರಲಿಲ್ಲ. ಹಂಪನಕಟ್ಟೆಯಲ್ಲೂ ಇಲ್ಲ. ಕಂಕನಾಡಿಯಲ್ಲಿ ಸಿಕ್ಕಿತು. ಪಂಪ್‌ವೆಲ್‌ನಲ್ಲಿ ಪೊಲೀಸರು ಹಿಡಿದರು. ಚೀಟಿ ತೋರಿಸಿದರು. ತೊಕ್ಕೊಟ್ಟಿನಲ್ಲಿ ಮತ್ತೆ ಹಿಡಿದರು. ಅಲ್ಲಿ ಬೈಸಿಕೊಂಡರು, ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಬೇಕಾಯಿತು. ತಲಪಾಡಿಗೆ ಬಂದು ಬ್ಯಾರಿಕೇಡಿನ ಆಚೆ ನಿಂತರು. ಈಚೆ ಕಡೆಯಿಂದ ನಮ್ಮ ಪಕ್ಕದ ಮನೆಯ ಬ್ಯಾರಿ ಹುಡುಗ ಹೋಗಿದ್ದ. ಪೊಲೀಸರು ಚೀಲ ಬಿಚ್ಚಿ ನೋಡಿ ಇವನ ಕೈಗೆ ಕೊಟ್ಟರು. ಪುಡಿಯ ಜೊತೆ ಭಾವನ ಹೆಂಡತಿ ಕಟ್ಟಿಕೊಟ್ಟ ಉಪ್ಪಿಲ್ಲದ ಹಪ್ಪಳ ಇತ್ತು. ಭಾವನಿಗೆ ಆಗ ಅರವತ್ತಾರು ವರ್ಷ. ಸಕ್ಕರೆ ಕಾಯಿಲೆ ಇದೆ. ಅವರ ಪ್ರಾಯದವರು ಹೊರಗೆ ಬರಲೇಬಾರದು ಎಂದು ಟಿವಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರು ಮತ್ತೂ ಬಂದರು. ಬಂದಾಗಲೆಲ್ಲ ಗಡಿ ಮುಚ್ಚಿದ್ದು ಸರಿಯೇ ಎಂದು ಫೋನಿನಲ್ಲಿ ಹೇಳುತ್ತಿದ್ದರು.

ಪುಡಿಯಿಂದ ಪೊಟ್ಯಾಶಿಯಂ ತಡೆಯಬಹುದು, ನೀರು ತೆಗೆಯಲು ಆಗುವುದಿಲ್ಲ. ತೂಕ ಏರುತ್ತಾ ಹೋಯಿತು. ರಾತ್ರಿ ಮೇಜಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಆನಿಸಿ ಕೂತುಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಉಸಿರು ನಿಂತ ಹಾಗೆ ಆಗಿ ಎಚ್ಚರ ಆಗುತ್ತಿತ್ತು. ಸಾವಿನ ಯೋಚನೆ ಬಂತಾ ಎಂದು ಜನ ಕೇಳುತ್ತಾರೆ. ಬರಲಿಲ್ಲ. ಮುಂದಿನ ಉಸಿರಿನ ಯೋಚನೆ ಮಾತ್ರ ಇತ್ತು. ಹೆಂಡತಿ ಎದುರಿಗೆ ನೆಲದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಬೆನ್ನು ಉಜ್ಜು ಎಂದರೆ ಉಜ್ಜುತ್ತಿದ್ದಳು. ಬೇಡ ಎಂದರೆ ಬಿಡುತ್ತಿದ್ದಳು. ಅವಳು ನನ್ನೆದುರು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಅಡುಗೆಮನೆಯ ಹಿಂದೆ, ಬಾವಿಕಟ್ಟೆಯ ಹತ್ತಿರ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದಳು. ನನಗೆ ಅದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಮಗಳು ಹೇಳಿ.

ತೆಂಕಿನ ಕಡೆಯ ಕೇಂದ್ರಗಳಿಗೆಲ್ಲ ಕೇಳಿ ಆಗಿತ್ತು. ಕಾಸರಗೋಡು, ಕಾಞಂಗಾಡ್, ಎಲ್ಲ ಕಡೆ ಒಂದೇ ಉತ್ತರ. ಮೆಷಿನ್ ಖಾಲಿ ಇಲ್ಲ. ಅವರ ತಪ್ಪಲ್ಲ. ಮಂಗಳೂರಿಗೆ ಹೋಗುತ್ತಿದ್ದವರೆಲ್ಲ ಒಮ್ಮೆಲೇ ತೆಂಕಕ್ಕೆ ತಿರುಗಿದ್ದರು. ಡಯಾಲಿಸಿಸ್ ಮೆಷಿನ್ ದಿನಕ್ಕೆ ಮೂರು ಪಾಳಿ ಓಡಬಹುದು, ಹೆಚ್ಚೆಂದರೆ ನಾಲ್ಕು. ಒಂದು ಪಾಳಿಯಲ್ಲಿ ಒಬ್ಬರು. ಒಬ್ಬರನ್ನು ಸೇರಿಸಿಕೊಳ್ಳಬೇಕಾದರೆ ಇನ್ನೊಬ್ಬರನ್ನು ಬಿಡಬೇಕು.

ಒಂದು ಸಂಜೆ ಕೇಂದ್ರವೊಂದರಿಂದ ಫೋನು ಬಂತು. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ, ಒಂದು ಪಾಳಿ ಖಾಲಿ ಆಗಿದೆ ಎಂದರು. ಖಾಲಿ ಆಗುವುದು ಹೇಗೆ ಎಂದು ಡಯಾಲಿಸಿಸ್ ರೋಗಿಗಳಿಗೆ ಹೇಳಬೇಕಾಗಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ಫೈಲು ತೆಗೆದು ಚೀಲಕ್ಕೆ ಹಾಕಿದೆ. ಆ ಹೊತ್ತಿಗೆ ನನಗೆ ಆದದ್ದು ಸಂತೋಷ. ಅದಕ್ಕೆ ಬೇರೆ ಹೆಸರು ಕೊಡುವುದು ಸುಳ್ಳಾಗುತ್ತದೆ.

ಉಪ್ಪಳ, ಕುಂಬಳೆ, ಮೊಗ್ರಾಲ್. ಹೆದ್ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಪೊಲೀಸರು ತಡೆದಲ್ಲೆಲ್ಲ ಸ್ವಯಂಘೋಷಣೆಯ ಕಾಗದ ತೋರಿಸಿದೆವು. ಕೇಂದ್ರದಲ್ಲಿ ತೂಕ ನೋಡಿದ ಸಿಸ್ಟರ್ ಮಲಯಾಳದಲ್ಲಿ ದೇವರ ಹೆಸರು ಹೇಳಿದರು. ಒಂದೇ ಸಲಕ್ಕೆ ಎಲ್ಲ ನೀರು ತೆಗೆಯಲು ಆಗುವುದಿಲ್ಲ, ಬಿಪಿ ಬೀಳುತ್ತದೆ. ಆಗುವಷ್ಟು ತೆಗೆದರು. ಕೊನೆಯ ಗಂಟೆಯಲ್ಲಿ ಕಾಲಿನ ಮೀನಖಂಡ ಹಿಡಿದುಕೊಂಡಿತು. ಸಿಸ್ಟರ್ ನನ್ನ ಪಾದವನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಬಗ್ಗಿಸಿ ಹಿಡಿದರು. ಆ ದಿನಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟಲು ಎಲ್ಲರೂ ಅಂಜುತ್ತಿದ್ದರು.

ಹೊರಗೆ ಬಂದಾಗ ಒಬ್ಬ ಯುವಕ ಕಾಯುತ್ತಿದ್ದ. ತಲೆ ಬೋಳಿಸಿದ್ದ. ಕೈಯಲ್ಲಿ ಒಂದು ಸಣ್ಣ ಥರ್ಮೋಕೋಲ್ ಪೆಟ್ಟಿಗೆ. ನನ್ನ ಪಾಳಿ ಯಾರದ್ದಾಗಿತ್ತೋ ಅವರ ಮಗ. ಲೆಕ್ಕ ಚುಕ್ತಾ ಮಾಡಲು ಬಂದಿದ್ದನಂತೆ. ಪೆಟ್ಟಿಗೆಯಲ್ಲಿ ಐಸಿನ ನಡುವೆ ರಕ್ತ ಹೆಚ್ಚಿಸುವ ಇಂಜೆಕ್ಷನ್ ಇತ್ತು. ತಂದೆಗೆಂದು ತಂದದ್ದು, ಉಳಿದದ್ದು. ನಮ್ಮಂಥವರಿಗೆಲ್ಲ ಅದು ಬೇಕು, ಕಿಡ್ನಿ ಕೆಟ್ಟರೆ ರಕ್ತ ಆಗುವುದೂ ಕಡಿಮೆಯಾಗುತ್ತದೆ. ಬೆಲೆಯೂ ಜಾಸ್ತಿ. "ಸಾರ್, ಇದು ಫ್ರಿಜ್ಜಿನಲ್ಲೇ ಇದ್ದದ್ದು, ಹಾಳಾಗಲಿಲ್ಲ. ಡೇಟು ನೋಡಿ" ಎಂದ. ಡೇಟು ತೋರಿಸಿದ. ನಾನು ದುಡ್ಡು ತೆಗೆಯಲು ಹೋದೆ. ಬೇಡ ಎಂದ. ಅವನ ತಂದೆಯ ಹೆಸರು ಕೇಳಬೇಕೆಂದು ಅನ್ನಿಸಿತು. ಕೇಳಿದೆ. ಹೇಳಿದ. ತುಂಬ ವರ್ಷ ಬೀಡಿ ಕಟ್ಟಿದವರಂತೆ. ಹೆಚ್ಚು ಮಾತು ಆಗಲಿಲ್ಲ. ಅವ ಬೈಕಿನಲ್ಲಿ ಹೋದ. ನಾವು ಕಾರಿಗೆ ಹತ್ತಿದೆವು.

ಅವನ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ. ತಂದೆ ತೀರಿಹೋಗಿ ವಾರವೂ ಆಗಿರಲಿಲ್ಲ. ಆ ಜಾಗಕ್ಕೆ ಬಂದವನ ಮುಖ ನೋಡುವುದು ಸುಲಭ ಅಲ್ಲ. ಅವ ಅದಕ್ಕಾಗಿ ಕಾದು ನಿಂತಿದ್ದ. ನನಗೆ ರಕ್ತ ಕಡಿಮೆ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು, ಯಾಕೆಂದರೆ ಅವನ ತಂದೆಗೂ ಕಡಿಮೆ ಇತ್ತು.

ಗಡಿಯ ವಿಷಯ ಅಷ್ಟರಲ್ಲಿ ಕೋರ್ಟಿಗೆ ಹೋಗಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವ ವಾಹನಗಳನ್ನು ಬಿಡಬೇಕೆಂದು ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರದ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯದವರನ್ನು ಕೂರಿಸಿ ಮಾತಾಡಲಿ ಎಂದು ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಹೇಳಿತು. 7ರಂದು ಒಪ್ಪಂದ ಆಗಿದೆ ಎಂದು ಕೇಂದ್ರ ಸರಕಾರ ತಿಳಿಸಿತು. ಆ ನಡುವಿನ ದಿನಗಳಲ್ಲಿ ಮಂಗಳೂರಿನ ದಾರಿ ಸಿಗದೆ ನಮ್ಮ ಕಡೆ ಹಲವರು ತೀರಿಹೋದರು. ಪತ್ರಿಕೆಗಳಲ್ಲಿ ಅವರ ಸಂಖ್ಯೆ ದಿನಾ ಬರುತ್ತಿತ್ತು. ನಾನು ಓದುತ್ತಿರಲಿಲ್ಲ. ಹೆಂಡತಿ ಪತ್ರಿಕೆಯನ್ನು ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದಳು.

ಬಿಸು ಹಬ್ಬದ ಆಸುಪಾಸಿನಲ್ಲಿ ನನಗೆ ಮಂಗಳೂರಿಗೆ ಹೋಗಲು ಆಯಿತು. ನಮ್ಮ ಕಡೆಯ ಡಾಕ್ಟರರ ಸರ್ಟಿಫಿಕೇಟು ಬೇಕು, ಆಂಬುಲೆನ್ಸಿನಲ್ಲೇ ಹೋಗಬೇಕು, ಜೊತೆಗೆ ಒಬ್ಬರು ಮಾತ್ರ. ತಲಪಾಡಿಯಲ್ಲಿ ಕರ್ನಾಟಕದ ವೈದ್ಯರ ತಂಡ ಜ್ವರ, ಕೆಮ್ಮು ನೋಡಿ ಬಿಟ್ಟಿತು. ಆಂಬುಲೆನ್ಸಿನ ಸಣ್ಣ ಕಿಟಕಿಯಲ್ಲಿ ನೇತ್ರಾವತಿ ಸೇತುವೆ ಕಂಡಿತು. ಪಿವಿಎಸ್ ವೃತ್ತದಲ್ಲಿ ಒಂದು ವಾಹನ ಇಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಎಲ್ಲರೂ ಮುಖ ಮುಚ್ಚಿಕೊಂಡಿದ್ದರು. ಟೆಕ್ನಿಷಿಯನ್ ಹುಡುಗನನ್ನು ಅವನ ಸ್ವರದಲ್ಲಿ ಗುರುತು ಹಿಡಿದೆ. ನನ್ನ ಕಾಲು ಒತ್ತಿ ನೋಡಿದ. "ಫೋನಿನಲ್ಲಿ ಕಡಿಮೆ ಹೇಳಿದ್ದೀರಿ ಮಾಷ್ಟ್ರೇ" ಎಂದ.

ನನ್ನ ಪಾಳಿಯಲ್ಲಿ ಗಡಿಯ ಆಚೆಯಿಂದ ಬರುವವರು ಬೇರೆಯವರೂ ಇದ್ದರು. ಎದುರು ಬೆಡ್ಡಿನ ಟೈಲರ್ ಒಬ್ಬರು ಬರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಬೆಡ್ಡಿನಲ್ಲಿ ಬೇರೊಬ್ಬರು ಮಲಗಿದ್ದರು. ಅವರು ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ.

ಪ್ರತಿಸಲ ಆಂಬುಲೆನ್ಸು, ಪ್ರತಿಸಲ ಕಾಗದ. ಮಾಷ್ಟ್ರ ಪೆನ್ಶನ್ನಿನಲ್ಲಿ ಅದು ನಿಭಾಯಿಸುವ ಖರ್ಚಲ್ಲ. ಕೊಡಿಯಾಲ್‌ಬೈಲಿನಲ್ಲೇ ಒಂದು ಕೋಣೆ ಹಿಡಿದು ಇರುವುದೆಂದು ತೀರ್ಮಾನ ಮಾಡಿದೆವು. ಭಾವನ ಫ್ಲಾಟಿನವರು ಹೊರಗಿನವರು ಬಂದು ಉಳಿಯಬಾರದು ಎಂದು ನೋಟಿಸು ಹಾಕಿದ್ದರು. ಭಾವ ತಮ್ಮ ಪರಿಚಯದವರಲ್ಲೆಲ್ಲ ಕೇಳಿದರು. ಕಾಸರಗೋಡು ಎಂದ ಕೂಡಲೆ ಕೋಣೆ ಆಗಲೇ ಕೊಟ್ಟಾಗಿದೆ ಎನ್ನುತ್ತಿದ್ದರು. ಕೊನೆಗೆ ಒಬ್ಬರು ಒಪ್ಪಿದರು. ಎಪ್ಪತ್ತು ದಾಟಿದ ಕ್ರಿಶ್ಚಿಯನ್ ಹೆಂಗಸು, ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ. ಮಕ್ಕಳು ಗಲ್ಫಿನಲ್ಲಿ. ನಾವು ಅವರನ್ನು ಬಾಯಮ್ಮ ಎಂದು ಕರೆದೆವು. ಜಗಲಿಯಲ್ಲಿ ದೂರ ನಿಂತು ಮೊದಲೇ ಹೇಳಿದರು: "ನನಗೆ ಹೆದರಿಕೆ ಉಂಟು ಮಾಷ್ಟ್ರೇ. ಸುಳ್ಳು ಹೇಳುದಿಲ್ಲ. ನೀವು ಹಿಂದಿನ ಕೋಣೆಯಲ್ಲಿ ಇರಿ. ಆಚೆ ಬಾಗಿಲಲ್ಲಿ ಹೋಗಿ ಬನ್ನಿ. ನಾನು ಹತ್ತಿರ ಬರುದಿಲ್ಲ." ಅವರು ಮಾತಿಗೆ ತಪ್ಪಲಿಲ್ಲ, ಹತ್ತಿರ ಬರಲೇ ಇಲ್ಲ. ಡಯಾಲಿಸಿಸ್ ದಿನ ನಾನು ಗೋಡೆ ಹಿಡಿದು ನಡೆದುಬರುವಾಗ ಹೊರಗಿನ ದೀಪ ಹಾಕಿರುತ್ತಿದ್ದರು, ಮೆಟ್ಟಿಲ ಮೇಲೆ ಒಂದು ಕುರ್ಚಿ ಇಟ್ಟಿರುತ್ತಿದ್ದರು. ಅವರ ಹೆದರಿಕೆ ನನಗೆ ಅವಮಾನ ಅನ್ನಿಸಲಿಲ್ಲ. ಹೆದರಿಕೆ ಇಲ್ಲ ಎಂದು ಹೇಳಿ ದೂರ ಸರಿದವರನ್ನು ಅಷ್ಟರಲ್ಲಿ ಸಾಕಷ್ಟು ನೋಡಿದ್ದೆ.

ಆ ಕೋಣೆಯಲ್ಲಿ ನಮಗೆ ಮಾಡಲು ಕೆಲಸ ಇರಲಿಲ್ಲ. ಬೆಳಗ್ಗಿನ ತಂಪಿನಲ್ಲಿ ಸ್ವಲ್ಪ ನಡೆಯುತ್ತಿದ್ದೆ. ಬಿಷಪ್ ಹೌಸಿನ ಗೇಟು ಮುಚ್ಚಿರುತ್ತಿತ್ತು. ಜೈಲಿನ ಗೋಡೆಯ ಪಕ್ಕದ ರಸ್ತೆಯಲ್ಲಿ ಎಲೆ ಬಿದ್ದು ಗುಡಿಸುವವರಿರಲಿಲ್ಲ. ನಾನು ಮಕ್ಕಳಿಗೆ ಹೇಳುತ್ತಿದ್ದ ಪಾಠ ಒಂದು ಆಗ ನೆನಪಾಗುತ್ತಿತ್ತು. ಕುದ್ಮುಲ್ ರಂಗರಾಯರು ನಮ್ಮ ಕಾಸರಗೋಡಿನ ಕಡೆಯವರು. 1859ರಲ್ಲಿ ಹುಟ್ಟಿದ್ದು. ಕೆಲಸಕ್ಕೆ ಮಂಗಳೂರಿಗೆ ಬಂದವರು. ವಕೀಲಿ ಮಾಡುತ್ತಿದ್ದರು. ದಲಿತರ ಮಕ್ಕಳಿಗೆ ಶಾಲೆ ತೆರೆದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. ಶಾಲೆಗೆ ಬರಲು ಮಾಷ್ಟ್ರುಗಳು ಒಪ್ಪುತ್ತಿರಲಿಲ್ಲ. ಮರುಗುವವರು ಆ ಕಾಲದಲ್ಲೂ ಇದ್ದಿರಬೇಕು. ಅವರು ಮರುಗಿದ್ದು ಎಷ್ಟು ಎಂದು ಯಾರೂ ಬರೆದಿಟ್ಟಿಲ್ಲ. ಕಟ್ಟಿದ ಶಾಲೆಯ ದಾಖಲೆ ಇದೆ. ತರಗತಿಯಲ್ಲಿ ಇದನ್ನು ಹೇಳುವಾಗ ಪಾಠದ ಹಾಗೆ ಹೇಳಿ ಮುಂದೆ ಹೋಗುತ್ತಿದ್ದೆ.

ಏಪ್ರಿಲ್ 23, ಗುರುವಾರ. ನನ್ನ ಡಯಾಲಿಸಿಸ್ ದಿನ. ಆ ದಿನ ಬಂಟ್ವಾಳದ ಒಬ್ಬ ವಯಸ್ಸಾದ ಹೆಂಗಸು ಕೊರೋನಾದಿಂದ ಮಂಗಳೂರಿನಲ್ಲಿ ತೀರಿಕೊಂಡರು. ಹೆಣ ಸುಡಲು ಪಚ್ಚನಾಡಿಗೆ ಕೊಂಡುಹೋದರೆ ಅಲ್ಲಿನವರು ಅಡ್ಡ ನಿಂತರು. ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ರಾತ್ರೋರಾತ್ರಿ ಸುಟ್ಟರು. ಶನಿವಾರ ಡಯಾಲಿಸಿಸ್ ಕೋಣೆಯ ಟಿವಿಯಲ್ಲಿ ಅದೇ ಸುದ್ದಿ. ಸಿಸ್ಟರ್ ಸ್ವರ ಕಡಿಮೆ ಮಾಡಿದರು. ಅಡ್ಡ ನಿಂತವರನ್ನು ಯಾರಾದರೂ ಬೈಯಬಹುದು ಎಂದುಕೊಂಡೆ. ಯಾರೂ ಬೈಯಲಿಲ್ಲ. ಪಕ್ಕದ ಬೆಡ್ಡಿನವರು, "ನಮ್ಮದು ಆದಾಗ ಎಲ್ಲಿಯೋ ಏನೋ" ಎಂದರು. ಅಷ್ಟಕ್ಕೇ ಮಾತು ನಿಂತಿತು.

ಆಮೇಲಿನ ಕಥೆ ಉದ್ದ ಇಲ್ಲ. ಮಳೆಗಾಲದ ಹೊತ್ತಿಗೆ ಪಾಸಿನ ಮೇಲೆ ಓಡಾಡಲು ಆಯಿತು. ನಾವು ಊರಿಗೆ ಹೋಗಿ ಬಂದು ಮಾಡಿದೆವು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ ಕರ್ನಾಟಕ ಆರ್‌ಟಿಪಿಸಿಆರ್ ವರದಿ ಕಡ್ಡಾಯ ಮಾಡಿತು. ಆಗಸ್ಟಿನಲ್ಲಿ ಮತ್ತೆ ಬಿಗಿ ಮಾಡಿದರು. ವರದಿ 72 ಗಂಟೆಯೊಳಗಿನದ್ದಾಗಿರಬೇಕಿತ್ತು. ವಾರಕ್ಕೆ ಮೂರು ಸಲ ಹೋಗುವವನಿಗೆ ಈ ಲೆಕ್ಕ ಹೇಗೆ ಕೂಡುತ್ತದೆ ಎಂದು ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹಾಕಿಸಿಕೊಂಡು ರಕ್ತ ಬರುತ್ತಿತ್ತು. ಹೆಂಡತಿ ಒಂದು ದಿನ ಇನ್ನು ಸಾಕು ಎಂದಳು. ಈಗ ನಾವು ಕೊಡಿಯಾಲ್‌ಬೈಲಿನಲ್ಲೇ ಇದ್ದೇವೆ, ಬಾಯಮ್ಮನ ಹಿಂದಿನ ಕೋಣೆಗಳಲ್ಲಿ, ಬಾಡಿಗೆಗೆ. ಊರಿನ ಮನೆಗೆ ಬೀಗ. ತೆಂಗಿನಕಾಯಿಯನ್ನು ಪಕ್ಕದ ಮನೆಯ ಬ್ಯಾರಿ ಹುಡುಗ ತೆಗೆಸಿ ಲೆಕ್ಕ ಕಳಿಸುತ್ತಾನೆ.

ಭಾವ ಸಂಜೆ ಬರುತ್ತಾರೆ. ಎಪ್ಪತ್ತು ದಾಟಿತು, ಸ್ಕೂಟರ್ ಬಿಟ್ಟಿದ್ದಾರೆ, ನಡೆದುಕೊಂಡೇ ಬರುತ್ತಾರೆ. ಮೊನ್ನೆ ಏನೋ ಮಾತಿಗೆ ತಲಪಾಡಿಯ ವಿಷಯ ಬಂತು. ಆಗ ಹಾಗೆ ಯಾಕೆ ಹೇಳಿದಿರಿ ಎಂದು ಹೆಂಡತಿ ಕೇಳಿಯೇ ಬಿಟ್ಟಳು. ಇಷ್ಟು ವರ್ಷ ಅವಳು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. ಅವರು ಚಾ ಲೋಟ ಕೆಳಗಿಟ್ಟು, "ಈಗಲೂ ಅದನ್ನೇ ಹೇಳ್ತೇನೆ. ಬಂದ್ ಮಾಡಿದ್ದು ಸರಿಯೇ" ಎಂದರು. ನಾನು, "ಹಾಗಾದರೆ ಬಿಸಿಲಲ್ಲಿ ಪುಡಿ ಹಿಡ್ಕೊಂಡು ಯಾಕೆ ಬಂದದ್ದು?" ಎಂದು ಕೇಳಿದೆ. "ಅದು ಬೇರೆ" ಎಂದರು. ನಮಗೆ ಮೂವರಿಗೂ ಸ್ವಲ್ಪ ಸಿಟ್ಟು ಬಂದಿತ್ತು. ಹೆಂಡತಿ ಒಳಗೆ ಹೋದಳು. ಭಾವ ಕೊಡೆ ತೆಗೆದುಕೊಂಡು ಎದ್ದರು. ಮೆಟ್ಟಿಲು ಇಳಿಯುವಾಗ ತಿರುಗಿ ಕೇಳಿದರು: "ನಾಳೆ ಸೂಜಿ ಎಷ್ಟು ಹೊತ್ತಿಗೆ? ಏಳಕ್ಕಾ, ಹನ್ನೊಂದಕ್ಕಾ?"

ಏಳಕ್ಕೆ ಎಂದೆ.

"ಹಾಗಾದರೆ ಆರೂವರೆಗೆ ಬರ್ತೇನೆ" ಎಂದು ಹೇಳಿ ಹೋದರು.